ಉಲ್ಟಾ ಚೂಡಿ

"ಫ್ರೀವೀಲ್ ಬಿಚ್ಚೂದೇನು ಬ್ರಹ್ಮವಿದ್ಯಾನ? ಜಗತ್ತಿನಾಗ ಇರೂ ಯಂತ್ರ ಎಲ್ಲಾ ಸೇರಿ ಆರೇ ಆರು! ಸನ್ನೆಕೋಲು, ರಾಟೆ, ಇಳಿಜಾರು, ಬೆಣೆ, ತಿರುಪು, ಗಾಲಿ. ಈ ಆರನ್ನೂ ಹದಿನಾಲ್ಕು ವರ್ಷದಿಂದ ಹುಡುಗರಿಗೆ ಅರದು ಕುಡಸಾಕತ್ತೀನಿ ನಾನು!"

ರಾಯಚೂರಿನ ಒಂದು ಬಾಡಿಗೆ ಮನೆಯ ಅಂಗಳದಲ್ಲಿ, ಶುಕ್ರವಾರ ಸಂಜೆ, ಎದೆಯುಬ್ಬಿಸಿ ಹೀಗೆ ಸಾರಿದವರು ಸಂಜೀವ ಮಾಸ್ತರರು. ಕುರ್ಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಕೇಳಿಸಿಕೊಂಡವರು ಮೂವರು: ಹೆಂಡತಿ ವಿಶಾಖಾ, ತಾಯಿ ಮೂಕಮ್ಮ ಮತ್ತು ಗೋಡೆಗೆ ಒರಗಿದ್ದ ಒಂದು ಹಳೆಯ ಲೇಡೀಸ್ ಸೈಕಲ್ಲು. ಮೂವರಲ್ಲಿ ಸುಮ್ಮನಿದ್ದದ್ದು ಸೈಕಲ್ಲೊಂದೇ.

"ನಿಮ್ಮ ಆರರಾಗ ಫ್ರೀವೀಲ್ ಬರಲೇ ಇಲ್ಲಲ್ರೀ?" ಎಂದಳು ವಿಶಾಖಾ.

"ಗಾಲಿ ಅಂದೆನಲ್ಲ, ಅದರೊಳಗ ಬಂತು."

"ಅದು ಗಾಲಿಯೊಳಗ ಇರೂದು ನನಗೂ ಗೊತ್ತದ. ಹೊರಗ ಹ್ಯಾಂಗ ಬರತದ ಅಂತ ಕೇಳಾಕತ್ತೀನಿ. ಸುಮ್ನ ವಹೀದ್ ಚಾಚಾನ ಅಂಗಡಿಗಿ ಕೊಟ್ಟು ಬರ್ರಿ."

"ವಿಜ್ಞಾನದ ಮಾಸ್ತರ್ ಮನಿ ಸೈಕಲ್ ರಿಪೇರಿಗೆ ಅಂಗಡಿಗಿ ಹೋದ್ರ, ನಾಳಿ ಹುಡುಗರಿಗೆ ಯಾವ ಮುಖ ಇಟಗೊಂಡು ಪಾಠ ಮಾಡ್ಲಿ?"

"ಈಗಿರೂದು ಇಟಗೊಂಡೇ ಮಾಡು. ಅದಕ್ಕೇನು ಧಾಡಿ?" ಎಂದರು ಮೂಕಮ್ಮ. ಅವರಿಗೆ ಆ ಹೆಸರಿಟ್ಟವರು ಯಾರೋ, ಎಪ್ಪತ್ತು ವರ್ಷದಲ್ಲಿ ಆ ಹೆಸರಿಗೆ ಒಂದು ದಿನವೂ ನ್ಯಾಯ ಸಿಕ್ಕಿರಲಿಲ್ಲ.

ಸೈಕಲ್ಲಿಗೆ ಬಂದ ಕಾಯಿಲೆ ಇದು. ಪೆಡಲ್ ತುಳಿದರೆ ಗಾಲಿ ಮುಂದೆ ಹೋಗಬೇಕು. ತುಳಿಯುವುದನ್ನು ನಿಲ್ಲಿಸಿದರೂ ಟಕಟಕ ಎನ್ನುತ್ತ ಗಾಲಿ ತಾನೇ ಉರುಳಬೇಕು. ಈ ಎರಡು ಕೆಲಸವನ್ನೂ ನೋಡಿಕೊಳ್ಳುವುದು ಹಿಂದಿನ ಗಾಲಿಯ ನಡುವೆ ಚೈನು ಹೊತ್ತು ಕೂತ ಹಲ್ಲಿನ ಚಕ್ರ, ಅದೇ ಫ್ರೀವೀಲ್. ವಿಶಾಖಾಳ ಸೈಕಲ್ಲಿನಲ್ಲಿ ಅದು ಮೊದಲನೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಿತ್ತು. ತುಳಿದರೆ ಪೆಡಲ್ ಖಾಲಿ ತಿರುಗುತ್ತಿತ್ತು, ಗಾಲಿ ನಿಂತಲ್ಲೇ ನಿಂತಿರುತ್ತಿತ್ತು.

ಬೇರೆ ದಿನವಾಗಿದ್ದರೆ ಇದೇನು ದೊಡ್ಡ ಸಂಗತಿಯಲ್ಲ. ಆದರೆ ಸೋಮವಾರ ಮಹಿಳಾ ನೌಕರರ ಕ್ರೀಡಾಕೂಟ, ಅದರಲ್ಲಿ ನಿಧಾನ ಸೈಕಲ್ ಸ್ಪರ್ಧೆ. ಐವತ್ತು ಮೀಟರ್ ದಾರಿ. ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವಳು ಗೆದ್ದಂತೆ. ನಡುವೆ ಕಾಲು ನೆಲಕ್ಕೆ ಊರಿದರೆ ಹೊರಗೆ. ವಿಶಾಖಾ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. "ಸರ್ಕಾರಿ ಕಚೇರಿಯವರಿಗೆ ನಿಧಾನ ಯಾರು ಕಲಸಬೇಕು!" ಎಂದು ಮಾಸ್ತರರು ಒಮ್ಮೆ ನಕ್ಕಿದ್ದರು. ಆ ದಿನ ಅವರ ತಾಟಿಗೆ ಬಿದ್ದದ್ದು ಹಿಂದಿನ ದಿನದ ರೊಟ್ಟಿ.

ಅವಳಿಗೆ ಅದು ಆಟವಲ್ಲ ಎಂಬುದು ಮಾಸ್ತರರಿಗೂ ಗೊತ್ತಿತ್ತು. ಮಸರಕಲ್ ಆಚೆಯ ಒಂದು ದೊಡ್ಡಿ, ಅಂದರೆ ಪುಟ್ಟ ಹಳ್ಳಿ, ಅವಳ ತವರು. ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಸಿಕ್ಕ ಸೈಕಲ್ಲು ಇದು. ಶಾಲೆಯ ದಾರಿಯಲ್ಲೊಂದು ಊರು, ಆ ಊರಲ್ಲೊಂದು ಓಣಿ. ಅಲ್ಲಿ ಅವಳ ಕೇರಿಯವರು ಸೈಕಲ್ ಏರಿ ಹೋಗುವಂತಿರಲಿಲ್ಲ. ಇಳಿದು ತಳ್ಳಿಕೊಂಡು ಹೋಗಬೇಕು. ಹದಿಮೂರರ ವಿಶಾಖಾ ಇಳಿಯಲಿಲ್ಲ. ಜೋರಾಗಿ ಹೋದರೆ ಸೊಕ್ಕು ಎನ್ನುತ್ತಾರೆ, ಇಳಿದರೆ ಸೋತಂತೆ. ಅವಳು ನಡುವಿನ ದಾರಿ ಹಿಡಿದಳು: ಕಟ್ಟೆಯ ಮೇಲೆ ಕೂತವರೆಲ್ಲ ಕಣ್ತುಂಬ ನೋಡಿಕೊಳ್ಳಲಿ ಎಂಬಷ್ಟು ನಿಧಾನ, ಕಾಲು ಮಾತ್ರ ನೆಲಕ್ಕಿಲ್ಲ. ಮೂರು ವರ್ಷ ಹಾಗೆಯೇ ಹೋದಳು. ಆಮೇಲೆ ಓಣಿಯವರಿಗೂ ಅದು ರೂಢಿಯಾಯಿತು.

ಹೋದ ವರ್ಷದ ಸ್ಪರ್ಧೆಯಲ್ಲಿ ಗೆರೆಗೆ ಮೂರು ಮಾರು ಇದ್ದಾಗ ಪೆಡಲ್ ಖಾಲಿ ತಿರುಗಿ ಅವಳ ಕಾಲು ನೆಲಕ್ಕೆ ಬಂತು. ಗೆದ್ದವಳು ಮಾನ್ವಿಯ ಮಂಜುಳಾ. ಆ ಸಂಜೆ ವಿಶಾಖಾ ಸೈಕಲ್ ತಳ್ಳಿಕೊಂಡೇ ಮನೆಗೆ ಬಂದಳು. "ನಾ ನೋಡ್ತೀನಿ ಬಿಡು" ಎಂದಿದ್ದ ಮಾಸ್ತರರು ವರ್ಷವಿಡೀ ನೋಡುತ್ತಲೇ ಇದ್ದರು.

"ಬ್ಯಾರೆಯವ್ರ ಸೈಕಲ್ ಇಸಗೊಂಡ್ರ?" ಎಂದು ಈಗ ಮೆಲ್ಲಗೆ ಕೇಳಿದರು.

"ಮಂದಿ ಸೈಕಲ್ ಮ್ಯಾಲ ಜೋರು ಹೋಗಾಕ ಬರತದ್ರಿ, ನಿಧಾನ ಹೋಗಾಕ ಬರೂದಿಲ್ಲ" ಎಂದಳು.

ಮಾಸ್ತರರು ಮೀಸೆ ತಿರುವಿದರು. "ಆಯ್ತು! ಸೋಮವಾರದೊಳಗ ಈ ಫ್ರೀವೀಲಿನ ಹೊಟ್ಟಿ ಸೀಳಿ ಸರಿ ಮಾಡದಿದ್ರ ನನ್ನ ಹೆಸರು ಸಂಜೀವ ಅಲ್ಲ!"

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವರೇ ಹಿಂದಿನ ಗಾಲಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತರು. ಫ್ರೀವೀಲಿನ ಮೇಲೊಂದು ದುಂಡನೆಯ ಮುಚ್ಚಳ, ಅದರಲ್ಲಿ ಎದುರುಬದುರಾಗಿ ಎರಡು ಪುಟ್ಟ ತೂತು. ಆ ತೂತುಗಳಿಗೆ ಸರಿಹೋಗುವ ಎರಡು ಮೊಳೆಯ ಪಾನಾ, ಅಂದರೆ ಸ್ಪ್ಯಾನರ್, ಇದ್ದರೆ ಮುಚ್ಚಳ ತಿರುಗಿಸಿ ತೆಗೆಯಬಹುದು ಎಂಬಷ್ಟು ವಿಜ್ಞಾನಕ್ಕೆ ಹೊಳೆಯಿತು. ಯಾವ ಕಡೆಗೆ ತಿರುಗಿಸುವುದು? ಮೊಬೈಲಿನಲ್ಲಿ ನೀಲಿ ಗ್ಲೌಸ್ ಹಾಕಿಕೊಂಡ ಒಬ್ಬ ಪರದೇಶಿ ಇಡೀ ಫ್ರೀವೀಲನ್ನೇ ಗಾಲಿಯಿಂದ ಎಡಕ್ಕೆ ತಿರುಗಿಸಿ ತೆಗೆದ. ಇನ್ನು ಅದರ ಮುಚ್ಚಳದ ಕಥೆಯೇ ಬೇರೆ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರ ಆ ದಿನದ ಡೇಟಾ ಮುಗಿಯಿತು. "ಎಡಕ್ಕ! ಗೊತ್ತೇ ಇತ್ತು" ಎಂದುಕೊಂಡರು.

ಇನ್ನು ಬೇಕಾದ್ದು ಪಾನಾ ಒಂದೇ. ರಿಪೇರಿಗೆ ಕೊಡುವುದು ಬೇರೆ, ಪಾನಾ ಕೇಳಿ ತರುವುದು ಬೇರೆ. ಎರಡನೆಯದರಲ್ಲಿ ಮಾನ ಹೋಗುವುದಿಲ್ಲ. ಹೀಗೆಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು, ಗಾಲಿ ಹೆಗಲಿಗೇರಿಸಿ ಅಬ್ದುಲ್ ವಹೀದರ ಅಂಗಡಿಗೆ ಹೋದರು. ಅರ್ಧ ಅಂಗಡಿಯನ್ನು ಮೊಬೈಲ್ ಕವರ್ ಮಾರುವವರಿಗೆ ಬಾಡಿಗೆ ಕೊಟ್ಟು, ಉಳಿದರ್ಧದಲ್ಲಿ ಟ್ಯೂಬುಗಳ ನಡುವೆ ಕೂತ ಮುದುಕರು ವಹೀದ್. ಮಾಸ್ತರರು ಈ ಓಣಿಗೆ ಬಂದು ಎರಡೇ ವರ್ಷ. ಗಾಳಿ ಹಾಕಿಸಿಕೊಳ್ಳುವಷ್ಟೇ ಪರಿಚಯ.

"ರಿಪೇರಿ ನಾನ ಮಾಡ್ಕೋತೀನ್ರಿ. ಬರೇ ಪಾನಾ ಕೊಡ್ರಿ" ಎಂದರು.

ವಹೀದ್ ಕೈ ಚಾಚಿದರು. ಗಾಲಿ ತೆಗೆದುಕೊಂಡು ಕಿವಿಗೆ ಹತ್ತಿರ ಹಿಡಿದು ತಿರುಗಿಸಿದರು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು:

"ಕುತ್ತಾ."

"ಏನಂದ್ರಿ?"

"ಕುತ್ತಾ, ಮಾಸ್ತರ್. ಬುಡ್ಡಾ ಕುತ್ತಾ. ಹಲ್ಲಿನಾಗ ಹಿಡಿಯೂ ತಾಕತ್ತು ಹೋಗೇದ. ಸುಮ್ನ ತಿರಗತದ, ಏನೂ ಕೆಲಸ ಇಲ್ಲ."

ರಾಯಚೂರಿನಲ್ಲಿ ಹುಟ್ಟಿದವರಿಗೆ ಬುಡ್ಡಾ ಕುತ್ತಾ ಎಂದರೆ ಮುದಿ ನಾಯಿ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಾಸ್ತರರ ಕಿವಿ ಕೆಂಪಾಯಿತು. ಗಾಲಿಯನ್ನು ಕಸಿದುಕೊಂಡು ಹೊರಟೇಬಿಟ್ಟರು. ಹಿಂದಿನಿಂದ ವಹೀದ್ ಏನೋ ಕೂಗಿದರು. ಅಡ್ಡ ಬಂದ ಆಟೋದ ಸದ್ದಿನಲ್ಲಿ ಮಾಸ್ತರರಿಗೆ ಕೇಳಿಸಿದ್ದು ಒಂದೇ ಮಾತು: "ಚೂಡಿ! ಮಾಸ್ತರ್, ಚೂಡಿ!"

ಚೂಡಿ ಎಂದರೆ ಬಳೆ! ನಾಯಿ ಎಂದದ್ದು ಸಾಲದೆಂದು ಬಳೆ ತೊಟ್ಟುಕೋ ಎಂದೂ ಅಂದಂತಾಯಿತು!

ಹೊರಗಿನವರಿಗೆ ಇದು ನಗುವ ಮಾತು. ಆದರೆ ಆ ಮನೆಯಲ್ಲಿ ನಾಯಿ ಎಂಬುದು ಹಗುರದ ಮಾತಾಗಿರಲಿಲ್ಲ. ಮಾಸ್ತರರ ಅಪ್ಪ ಉರುಕುಂದಪ್ಪ ಧಾನ್ಯದ ಪೇಟೆಯಾದ ಗಂಜಿನಲ್ಲಿ ಹಮಾಲಿ ಮಾಡಿದವರು, ಚೀಲ ಹೊತ್ತು ಮಗನನ್ನು ಹಾಸ್ಟೆಲಿನಲ್ಲಿ ಓದಿಸಿದವರು. ಎಂಟು ವರ್ಷದ ಸಂಜೀವ ರಜೆಯಲ್ಲಿ ಅಪ್ಪನಿಗೆ ಬುತ್ತಿ ಒಯ್ದಿದ್ದಾಗ, ಅಂಗಡಿಯ ಮುನೀಮನೊಬ್ಬ ಎಲ್ಲರೆದುರು ಅಪ್ಪನನ್ನು "ಲೇ ಕುತ್ತೇ!" ಎಂದು ಕರೆದ. ಅಪ್ಪ ನಕ್ಕು ಚೀಲ ಎತ್ತಿಕೊಂಡ. ಬೈದದ್ದಕ್ಕಿಂತ ಅಪ್ಪ ನಕ್ಕದ್ದು ಹುಡುಗನಿಗೆ ಹೆಚ್ಚು ನೋವಾಗಿತ್ತು. ಈ ಮಾತನ್ನು ನನಗೆ ಯಾರೂ ಅನ್ನಬಾರದು ಎಂದು ಅಂದೇ ನಿಶ್ಚಯಿಸಿದ್ದ. ಮೂವತ್ತು ವರ್ಷ ಯಾರೂ ಅಂದಿರಲಿಲ್ಲ.

ಮನೆಗೆ ಬಂದಾಗ ವಿಶಾಖಾ ಕೇಳಿದಳು: "ಏನಂದ್ರು ಚಾಚಾ?"

"ಅವನ ಹತ್ರ ಪಾನಾ ಇಲ್ಲಂತ."

ಈ ಒಂದು ಸುಳ್ಳು ಮಾಸ್ತರರನ್ನು ಎರಡು ದಿನ ಜಿಲ್ಲೆಯೆಲ್ಲ ಸುತ್ತಿಸಿತು.

ಮೊದಲು ಮನೆಯೇ ಹತಾರದ ಅಂಗಡಿಯಾಯಿತು. ತೂತಿಗೆ ಮೊಳೆ ಇಟ್ಟು ರುಬ್ಬುವ ಗುಂಡಿನಿಂದ ಎಡಕ್ಕೆ ಹೊಡೆದರು. ಮೊಳೆ ಹಾರಿ ನೀರಿನ ಕೊಡಕ್ಕೆ ಬಡಿಯಿತು. ಅಡಿಗೆ ಮನೆಯ ಇಕ್ಕಳದ ಎರಡು ಕಾಲನ್ನು ಎರಡು ತೂತಿಗೆ ಸಿಗಿಸಿ ತಿರುವಿದರು. ಮುಚ್ಚಳ ಅಲುಗಲಿಲ್ಲ, ಇಕ್ಕಳ ಮಾತ್ರ ಲಾಗ ಹೊಡೆದು ಎರಡು ಕಾಲನ್ನೂ ಅಗಲಿಸಿ ಮಲಗಿತು. ಕಾಯಿಸಿದರೆ ಲೋಹ ಹಿಗ್ಗುತ್ತದೆ ಎಂಬ ಒಂಬತ್ತನೇ ತರಗತಿಯ ಪಾಠ ನೆನಪಾಗಿ ಗಾಲಿಯನ್ನು ಗ್ಯಾಸ್ ಒಲೆಯ ಮೇಲೆ ಹಿಡಿದರು. ಹಿಗ್ಗುವುದಕ್ಕಿಂತ ಮೊದಲು ಟೈರು ಹೊಗೆಯಾಡಿತು.

"ರೀ! ಅದನ್ನ ಬಿಚ್ಚಾಕತ್ತೀರೋ, ಸಾರು ಮಾಡಾಕತ್ತೀರೋ?" ಎಂದು ವಿಶಾಖಾ ಓಡಿ ಬಂದಳು. "ಹೋಗ್ಲಿ, ಹೊಸಾ ಫ್ರೀವೀಲ್ ಹಾಕ್ಸಿಬಿಡ್ರಿ."

"ಹೊಸಾದು ಹಾಕ್ಸೂದು ಯಾರ ಕೈಲೆ ಬೇಕಾದ್ರೂ ಆಗತದ! ಇದು ತತ್ವದ ಪ್ರಶ್ನಾ!"

"ತತ್ವ ಬಿಡ್ರಿ. ರಾತ್ರಿ ರೊಟ್ಟಿ ಯಾವುದ್ರಿಂದ ಸುಡಲಿ, ಇಕ್ಕಳ ಎಲ್ಲದ?"

ಆ ಸಂಜೆ ಮಾಸ್ತರರು ರಾಯಚೂರಿನ ಅಂಗಡಿಗಳ ಮೆಟ್ಟಿಲನ್ನೆಲ್ಲ ಸವೆಸಿದರು. ಒಬ್ಬ ಹೊಸ ಫ್ರೀವೀಲ್ ತೋರಿಸಿದ, ಒಬ್ಬ ಹೊಸ ಸೈಕಲ್ಲನ್ನೇ ತೋರಿಸಿದ. ಒಬ್ಬ ಮಾತ್ರ ಹೇಳಿದ: "ಆ ಪಾನಾ ಈಗ ಯಾರ ಹತ್ರಾನೂ ಇಲ್ರಿ. ಮಾನ್ವಿ ವಿರೂಪಣ್ಣನ ಹಳೇ ಅಂಗಡ್ಯಾಗ ಇದ್ರ ಇರಬೇಕು."

ಭಾನುವಾರ ಮುಂಜಾನೆ ಗಾಲಿ ಸಮೇತ ಮಾನ್ವಿಯ ಬಸ್ ಹತ್ತಿದರು. ಕಂಡಕ್ಟರ್ ಗಾಲಿ ನೋಡಿದ.

"ಸರ್, ಇದೇನು?"

"ಫ್ರೀವೀಲ್."

"ಫ್ರೀ ಹೆಣ್ಮಕ್ಕಳಿಗಷ್ಟೇ ಸರ್."

"ಇದು ಹೆಣ್ಮಕ್ಕಳ ಸೈಕಲ್ಲಿಂದೇ ರೀ!"

"ಹೌದಾ? ಹಂಗಾದ್ರ ಅದರ ಆಧಾರ್ ಕಾರ್ಡ್ ತೋರಸ್ರಿ."

ಇಡೀ ಬಸ್ಸು ನಕ್ಕಿತು. ಮಾಸ್ತರರು ಗಾಲಿಗೂ ಟಿಕೆಟ್ ತೆಗೆಸಿ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಮಾನ್ವಿಯ ವಿರೂಪಣ್ಣ ಅರ್ಧ ಬಾಗಿಲು ತೆರೆದು ಕೂತಿದ್ದರು. ಕೇಳಿದ ಕೂಡಲೇ ಹಣೆ ಚಚ್ಚಿಕೊಂಡರು. "ಇತ್ತಲ್ರೀ! ದೇವದುರ್ಗದ ದುರುಗಪ್ಪ, ವೆಲ್ಡಿಂಗ್ ಮಾಡ್ತಾನ ನೋಡ್ರಿ, ಎರಡು ದಿನಕ್ಕಂತ ಒಯ್ದು ಎರಡು ವರ್ಷ ಆತು. ಹೆಂಗೂ ಹೊಂಟೀರಿ, ಹಂಗೇ ನನಗೂ ವಾಪಸ್ ಇಸಗೊಂಡು ಬರ್ರಿ!" ಪಾನಾ ಹುಡುಕಲು ಹೋದವರಿಗೆ ಪಾನಾ ವಸೂಲಿಯ ಕೆಲಸವೂ ಅಂಟಿಕೊಂಡಿತು.

ದೇವದುರ್ಗ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ದುರುಗಪ್ಪನಿಗೆ ಆ ಪಾನಾ ಎಲ್ಲಿ ಕಳೆಯಿತೋ ನೆನಪೇ ಇರಲಿಲ್ಲ. "ಹೋದ್ರ ಹೋತು, ಹೊಸಾದು ಮಾಡಿಕೊಡ್ತೀನಿ ಬರ್ರಿ ಸರ್" ಎಂದವನು ಒಂದು ಮೊಳದ ಕಬ್ಬಿಣದ ಪಟ್ಟಿಯ ತುದಿಗೆ ತೂತಿನ ಅಳತೆ ನೋಡಿ ಎರಡು ಕೊಂಬು ಬೆಸೆದು, ಹಿಡಿಕೆಗೊಂದು ಪೈಪು ಜೋಡಿಸಿ ಕೊಟ್ಟ. ಅದನ್ನು ಎತ್ತಲು ಎರಡು ಕೈ ಬೇಕಾಯಿತು. ಅದನ್ನು ಹಿಡಿದು ನಿಂತಾಗ ಮಾಸ್ತರರು ಪಾಠದಲ್ಲಿ ಬರುವವರಂತಿರದೆ ಪುರಾಣದಲ್ಲಿ ಬರುವವರಂತೆ ಕಂಡರು.

"ಯಾವ ಕಡಿ ತಿರುವ್ತೀರಿ ಸರ್?" ಎಂದ ದುರುಗಪ್ಪ.

"ಇದೇನು ಕೇಳೂದು? ಎಡಕ್ಕ ತಿರುವಿದ್ರ ಬಿಚ್ಚತದ, ಬಲಕ್ಕ ತಿರುವಿದ್ರ ಬಿಗೀತದ. ಇದು ನಿಸರ್ಗದ ನಿಯಮ!"

ದುರುಗಪ್ಪ ಏನೋ ಹೇಳಲು ಬಾಯಿ ತೆರೆದಿದ್ದ. ನಿಸರ್ಗ ಎಂದ ಮೇಲೆ ನಮ್ಮದೇನು ಎಂದು ಮುಚ್ಚಿಕೊಂಡ.

ಇಳಿಹೊತ್ತಿಗೆ ಮಾಸ್ತರರು ಮನೆ ಮುಟ್ಟಿದಾಗ ಅಂಗಳದಲ್ಲಿ ಮೂಕಮ್ಮ ಜೋಳದ ರಾಶಿ ಮುಂದಿಟ್ಟುಕೊಂಡು ಹಸನು ಮಾಡುತ್ತಿದ್ದರು. ಪಕ್ಕದ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದವರು, ಬೇರೆ ಯಾರೂ ಅಲ್ಲ, ಅಬ್ದುಲ್ ವಹೀದ್!

"ಚಾಚಾ ಗಾಲಿ ಕೇಳ್ಕೋತ ಮುಂಜಾನಿಂದ ಎರಡು ಸಲ ಬಂದು ಹೋದ್ರು, ಇದು ಮೂರನೇ ಸಲ" ಎಂದಳು ವಿಶಾಖಾ. ಅವಳ ಮುಖ ಸೋತಿತ್ತು. ನಾಳೆ ಬೆಳಗಾದರೆ ಸ್ಪರ್ಧೆ, ಸೈಕಲ್ಲು ಒಂಟಿ ಗಾಲಿಯಲ್ಲಿ ನಿಂತಿತ್ತು.

ಮಾಸ್ತರರು ವಹೀದರನ್ನು ಕಂಡೂ ಕಾಣದಂತೆ ಗಾಲಿಯನ್ನು ನೆಲಕ್ಕಿಟ್ಟರು. ಕೊಂಬುಗಳು ತೂತಿನಲ್ಲಿ ಅಳತೆ ಮಾಡಿಟ್ಟಂತೆ ಕೂತವು. "ನೋಡ್ರಿ ಈಗ!" ಎಂದು ಇಡೀ ಮೈಭಾರ ಹಾಕಿ ಎಡಕ್ಕೆ ಒತ್ತಿದರು. ಕಿರ್ ಎಂದಿತು. ಇನ್ನೂ ಒತ್ತಿದರು. ಮಾಸ್ತರರ ಮುಖ ಕುಂಬಳಕಾಯಿಯಾಯಿತು, ಅಂಗಿಯ ಗುಂಡಿ ಒಂದು ಹಾರಿತು, ಗಾಲಿ ಜಾರಿ ಮಾಸ್ತರರನ್ನೂ ಎಳೆದುಕೊಂಡು ಅರ್ಧ ಸುತ್ತು ಹಾಕಿತು. ಮುಚ್ಚಳ ಇದ್ದಲ್ಲೇ ಇತ್ತು. ಎರಡು ಕೊಂಬಿನಲ್ಲೊಂದು ತಲೆ ಬಾಗಿಸಿ ಶರಣಾಯಿತು.

"ಎಡಕ್ಕ ಯಾಕ ತಿರುವಾಕತ್ತೀರಿ?" ಎಂದರು ವಹೀದ್. "ನಾ ನಿನ್ನಿ ಕೂಗಿ ಹೇಳಿದೆನಲ್ಲ?"

ಮಾಸ್ತರರು ಎದ್ದು ನಿಂತರು. ಎರಡು ದಿನದ ಬಿಸಿಲು, ಬಸ್ಸು, ನಗು ಎಲ್ಲ ಒಟ್ಟಿಗೆ ಬಾಯಿಗೆ ಬಂತು. "ಏನು ಹೇಳಿದ್ರಿ? ಕುತ್ತಾ ಅಂದ್ರಿ ನನಗ! ಬುಡ್ಡಾ ಕುತ್ತಾ, ಹಲ್ಲಿಲ್ಲ, ಕೆಲಸಕ್ಕ ಬರೂದಿಲ್ಲ ಅಂದ್ರಿ! ಮ್ಯಾಲ ಬಳಿ ತೊಟಗೋ ಅಂದ್ರಿ! ನಮ್ಮಪ್ಪ ಅನಿಸಿಕೊಂಡದ್ದು ಸಾಲದೇನು?"

ಮೂಕಮ್ಮ ಮೊರ ಕೆಳಗಿಟ್ಟು, ಸೆರಗು ಬಾಯಿಗೊತ್ತಿ ನಗತೊಡಗಿದರು.

"ಲೇ ಸಂಜ್ಯಾ! ಕುತ್ತಾ ಅಂದ್ರ ಫ್ರೀವೀಲಿನ ಹೊಟ್ಟ್ಯಾಗ ಇರೂ ಕೊಕ್ಕಿ ಅಲ್ಲೇನೋ! ಹಲ್ಲಿಗಿ ಗಪ್ಪನ ಬಾಯಿ ಹಾಕಿ ಹಿಡೀತಾವ ಅಂತ ಹಂಗಂತಾರ. ಅವು ಸವದ್ರ ಪೆಡಲ್ ಖಾಲಿ ತಿರಗತದ. ನಿಮ್ಮಪ್ಪನ ಸೈಕಲ್ಲಿಗಿ ಮೂರು ಸಲ ಹಾಕ್ಸಿದ್ವಿ."

"ನಿನಗ ಗೊತ್ತಿತ್ತೇನು ಯವ್ವಾ?"

"ನೀ ನನ್ನ ಕೇಳಿದೇನು?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯನ್ನು ಮಾಸ್ತರರು ಎಷ್ಟೋ ಸಲ ಕೇಳಿದ್ದರು. ಆ ಕೂಸು ತಮ್ಮದೇ ಎಂದು ಈಗ ತಿಳಿಯಿತು.

"ಮತ್ತ... ಚೂಡಿ?"

ವಹೀದ್ ಜೇಬಿನಿಂದ ಒಂದು ಬೋಲ್ಟು ತೆಗೆದು ತೋರಿಸಿದರು. "ಈ ಸುತ್ತು ಗೆರಿ ಅದಾವಲ್ಲ, ಕೈಗಿ ಬಳಿ ಇಟ್ಟಂಗ. ಅದಕ್ಕ ಚೂಡಿ ಅಂತೀವಿ. ಎಲ್ಲಾ ನಟ್ಟು ಬೋಲ್ಟಿಗಿ ಚೂಡಿ ಸೀದಾ. ಈ ಮುಚ್ಚಳಕ್ಕ ಮಾತ್ರ ಉಲ್ಟಾ. ಸೀದಾ ಇಟ್ಟಿದ್ರ ಗಾಲಿ ತಿರುಗಿದಂಗ ತಾನ ಬಿಚ್ಚಿ ಬೀಳ್ತಿತ್ತು. ಬಲಕ್ಕ ತಿರುವಿದ್ರ ಬಿಚ್ಚತದ."

"ಅಂದ್ರ ನಾ ಎರಡು ದಿನ..."

"ಬಿಗಿ ಮಾಡೀರಿ ಮಾಸ್ತರ್. ಚಲೋ ಬಿಗಿ ಮಾಡೀರಿ."

ವಿಶಾಖಾಳಿಗೂ ನಗು ತಡೆಯಲಾಗಲಿಲ್ಲ. ವಹೀದ್ ಮಾತ್ರ ನಗಲಿಲ್ಲ. ಚಹಾದ ಲೋಟವನ್ನು ಕೆಳಗಿಟ್ಟರು.

"ನನ್ನ ಅಂಗಡಿ ಮೊದಲ ಗಂಜಿನ ಬಾಗಲದಾಗ ಇತ್ತು. ಉರುಕುಂದಪ್ಪನ ಮಗ ನೀವು ಅಂತ ನಿಮ್ಮವ್ವ ಇವತ್ತ ಹೇಳಿದ ಮ್ಯಾಲೇ ನನಗ ಗೊತ್ತಾಗಿದ್ದು. ಅವಗ ಆ ಮಾತು ಅಂದವ್ರನ್ನ ನಾ ನೋಡೀನಿ. ಸಂಜಿಕ್ಕ ನನ್ನ ಅಂಗಡಿಗಿ ಬಂದು ಕುಂತು ನಗತಿದ್ದ. 'ವಹೀದ್, ಅವ್ರು ಏನರ ಅನ್ಲಿ. ನೀ ಹಾಕಿದ ಕುತ್ತಾ ಗಟ್ಟಿ ಅದಾವಿಲ್ಲ ಹೇಳು, ನಾ ಮನಿ ಮುಟ್ಟತೀನಿ' ಅಂತಿದ್ದ. ಅವನ ಮಗಗ ನಾ ಆ ಮಾತು ಅಂತೀನೇನು?"

ಮೂವತ್ತು ವರ್ಷ ಮಾಸ್ತರರು ಆ ನಗುವನ್ನು ಸೋಲು ಎಂದೇ ತಿಳಿದಿದ್ದರು. ಅಪ್ಪ ಆ ಬೈಗುಳವನ್ನೇ ತನ್ನ ಸೈಕಲ್ಲಿಗೆ ಜೋಡಿಸಿಕೊಂಡು, ಅದರ ಮೇಲೆಯೇ ದಿನವೂ ಮನೆಗೆ ಬರುತ್ತಿದ್ದನೆಂದು ಗೊತ್ತಿರಲಿಲ್ಲ. ಕೊಂಬು ಬಾಗಿದ ಪಾನಾವನ್ನು ಮೆಲ್ಲಗೆ ಕೆಳಗಿಟ್ಟರು.

"ತಪ್ಪಾಯ್ತು ಚಾಚಾ" ಎಂದರು.

"ಬಿಡ್ರಿ. ಬೆಳಕು ಹೋಗೂದ್ರೊಳಗ ಕೆಲಸ ಮುಗಸೂಣು."

ವಹೀದ್ ಜೇಬಿನಿಂದ ಒಂದು ಮೊಂಡು ಉಳಿ ತೆಗೆದರು, ಬೆರಳುದ್ದದ್ದು. ತೂತಿನ ಅಂಚಿಗೆ ಓರೆಯಾಗಿ ಇಟ್ಟು ಬಲಕ್ಕೆ ಹೊಡೆದರು. ಮಾಸ್ತರರ ಎರಡು ದಿನದ ದುಡಿಮೆ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಂದು, ಎರಡು, ಹತ್ತು ಏಟು. ಹನ್ನೊಂದಕ್ಕೆ ಟಕ್ ಎಂದು ಮುಚ್ಚಳ ಸಡಿಲಾಯಿತು.

"ಬಂತು! ಬಂತು!" ಮಾಸ್ತರರ ಉತ್ಸಾಹ ಮರಳಿತು.

"ಎತ್ತಬ್ಯಾಡ್ರಿ ಮಾಸ್ತರ್, ಒಳಗ..."

ಎತ್ತಿಯಾಗಿತ್ತು! ಸಾಸಿವೆಗಿಂತ ದಪ್ಪ, ಜೋಳಕ್ಕಿಂತ ಸಣ್ಣ ಉಕ್ಕಿನ ಗುಂಡುಗಳು ಝಲ್ಲೆಂದು ಸುರಿದು ಮೂಕಮ್ಮನ ಜೋಳದ ರಾಶಿಯೊಳಗೆ ಮಾಯವಾದವು.

"ಅಯ್ಯೋ ನನ್ನ ಜ್ವಾಳ!" ಎಂದರು ಮೂಕಮ್ಮ.

"ಅಯ್ಯೋ ನನ್ನ ಸೈಕಲ್ಲು!" ಎಂದಳು ವಿಶಾಖಾ.

"ಅಯಸ್ಕಾಂತ! ಶಾಲ್ಯಾಗ ಅಯಸ್ಕಾಂತ ಅದ! ಕುರ್ಡಿ ಬಸ್ಸು..." ಎಂದು ಮಾಸ್ತರರು ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗೂ ಹೋಗಬ್ಯಾಡ, ಕುಂದ್ರು" ಎಂದ ಮೂಕಮ್ಮ ಮೊರ ಎತ್ತಿಕೊಂಡರು. ಒಂದೊಂದು ಬೊಗಸೆ ಹಾಕಿ ಕೇರಿದರು. ಜೋಳ ಕುಣಿದು ಮುಂದಕ್ಕೆ ಸರಿಯಿತು. ಉಕ್ಕಿನ ಗುಂಡು ಮೊರದ ಹಿಂದಿನ ಮೂಲೆಯಲ್ಲಿ ಜಪ್ಪಯ್ಯ ಎಂದರೂ ಕದಲದೆ ಕೂತವು. "ಹಗೂರ ಇದ್ದದ್ದು ಅವಸರ ಮಾಡತದ. ತೂಕ ಇದ್ದದ್ದು ಹಿಂದ ಉಳೀತದ" ಎಂದರು ಆರಿಸುತ್ತ. ಅದನ್ನು ಜೋಳಕ್ಕೆ ಹೇಳಿದರೋ ಮಗನಿಗೋ ಯಾರೂ ಕೇಳಲಿಲ್ಲ.

ವಹೀದ್ ತಗಡಿನ ಡಬ್ಬಿಯಿಂದ ಉಗುರಿನಷ್ಟೇ ಇದ್ದ ಎರಡು ಕೊಕ್ಕೆ ತೆಗೆದು ಮಾಸ್ತರರ ಅಂಗೈ ಮೇಲಿಟ್ಟರು. "ನೋಡ್ರಿ, ಇವೇ ಆ ಕುತ್ತಾ." ಮಾಸ್ತರರು ಅವನ್ನು ಬಹಳ ಹೊತ್ತು ನೋಡಿದರು. ಆಮೇಲೆ ವಹೀದ್ ಹೇಳಿದಂತೆ, ಹೇಳಿದಷ್ಟೇ ಮಾಡುತ್ತ, ಗ್ರೀಸ್ ಸವರಿ, ಗುಂಡು ಕೂಡಿಸಿ, ಮುಚ್ಚಳವನ್ನು ಎಡಕ್ಕೆ ತಿರುಗಿಸಿ ಬಿಗಿದರು. ಗಾಲಿ ತಿರುಗಿಸಿದಾಗ ಟಕಟಕ ಎಂದು ಸದ್ದಾಯಿತು. ವಿಶಾಖಾ ಕಣ್ಣು ಮುಚ್ಚಿ ಕೇಳಿದಳು.

ಸೋಮವಾರ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಸುಣ್ಣದ ಗೆರೆಯ ಆಚೆ ಮಾಸ್ತರರು, ಮೂಕಮ್ಮ, ವಹೀದ್ ನಿಂತಿದ್ದರು. ಮಾಸ್ತರರು ರಜೆ ಹಾಕಿ ಬಂದಿದ್ದರು. ಸೀಟಿ ಊದಿತು. ಎಂಟು ಸೈಕಲ್ಲು ಹೊರಟವು ಎನ್ನುವುದಕ್ಕಿಂತ ನಿಂತವು ಎನ್ನುವುದೇ ಸರಿ. ಹತ್ತು ಮೀಟರಿನಲ್ಲಿ ನಾಲ್ವರು ಕಾಲೂರಿದರು. ಇಪ್ಪತ್ತಕ್ಕೆ ಇನ್ನಿಬ್ಬರು. ಉಳಿದವರು ಮಾನ್ವಿಯ ಮಂಜುಳಾ ಮತ್ತು ವಿಶಾಖಾ.

ವಿಶಾಖಾ ಬ್ರೇಕು ಹಿಡಿದು, ಪೆಡಲನ್ನು ಒಂದು ಹಲ್ಲಿನಷ್ಟು ಒತ್ತಿ, ಬಿಟ್ಟು, ಮತ್ತೆ ಒಂದು ಹಲ್ಲು ಒತ್ತುತ್ತಿದ್ದಳು. ಒತ್ತಿದಾಗಲೆಲ್ಲ ಕುತ್ತಾ ಗಪ್ಪನೆ ಹಿಡಿಯುತ್ತಿದ್ದವು. ಕಣ್ಣು ನೇರ, ಬೆನ್ನು ನೇರ. ಯಾವ ಓಣಿಯಲ್ಲಿ ಅವಳು ಹೋಗುತ್ತಿದ್ದಾಳೆ ಎಂದು ಮಾಸ್ತರರಿಗೆ ತಿಳಿಯಿತು. ಅಷ್ಟರಲ್ಲಿ ಮಂಜುಳಾ ಒಂದು ಮಾರು ಮುಂದೆ ಹೋದಳು. ಹೆಂಡತಿ ಹಿಂದೆ ಬಿದ್ದದ್ದನ್ನು ಕಂಡ ಮಾಸ್ತರರು ಮೈಮರೆತು ಕೂಗಿಯೇಬಿಟ್ಟರು:

"ಏ ವಿಶಾಖಾ! ತುಳಿ! ಜೋರು ತುಳಿ! ಮುಂದ ಹೊಂಟಾಳ ಆಕಿ!"

ವಹೀದ್ ಹಾರಿ ಬಂದು ಅವರ ಬಾಯಿ ಮುಚ್ಚಿದರು. "ಮಾಸ್ತರ್! ಇಲ್ಲಿನೂ ಚೂಡಿ ಉಲ್ಟಾ!"

ಸುತ್ತಲಿನವರು ಬಿದ್ದು ಬಿದ್ದು ನಕ್ಕರು. ಮಂಜುಳಾ ಗೆರೆ ಮುಟ್ಟಿದಳು. ಅವಳ ಹಿಂದೆ, ಇಡೀ ಮೈದಾನ ಉಸಿರು ಹಿಡಿದು ಕಾಯುತ್ತಿರಲು, ವಿಶಾಖಾ ಒಂದೊಂದೇ ಹಲ್ಲು ಒತ್ತುತ್ತ ಬಂದು ಎಲ್ಲರಿಗಿಂತ ಕೊನೆಗೆ ಗೆರೆ ದಾಟಿದಳು. ದಾಟಿದ ಮೇಲೆಯೇ ಕಾಲು ನೆಲಕ್ಕಿಟ್ಟಳು. ಮೂಕಮ್ಮ ಅಂದು ಮೊದಲ ಸಲ ಹೆಸರಿಗೆ ತಕ್ಕಂತೆ ಮಾತಿಲ್ಲದೆ ಕಣ್ಣೊರೆಸಿಕೊಂಡರು.

ಬಹುಮಾನವೆಂದು ಒಂದು ಸ್ಟೀಲಿನ ನೀರಿನ ಬಾಟಲಿ ಕೊಟ್ಟರು. ಬಿಸಿಲಿಗೆ ವಿಶಾಖಾಳ ತುಟಿ ಒಣಗಿತ್ತು.

"ಮೊದಲ ಒಂದೀಟು ನೀರು ತುಂಬಿಸಿಕೊಡ್ರಿ."

"ತಾ ಇಲ್ಲಿ!" ಮಾಸ್ತರರು ಬಾಟಲಿ ಇಸಿದುಕೊಂಡರು. "ಬಿಚ್ಚೂ ಗುಟ್ಟು ಈಗ ನನಗ ಗೊತ್ತಾಗೇದ!" ಎಂದು ಹಲ್ಲು ಕಚ್ಚಿ, ಎರಡು ದಿನದ ಅನುಭವವನ್ನೆಲ್ಲ ಕೈಗೆ ತಂದುಕೊಂಡು, ಮುಚ್ಚಳವನ್ನು ಬಲಕ್ಕೆ ತಿರುವಿದರು. ಬರಲಿಲ್ಲ. ಇನ್ನೂ ತಿರುವಿದರು. ಮುಖ ಮತ್ತೆ ಕುಂಬಳಕಾಯಿಯಾಗತೊಡಗಿತು.

ವಿಶಾಖಾ ಸೈಕಲ್ಲಿಗೆ ಒರಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ ಹೇಳಿದಳು:

"ರೀ, ಚಾಚಾನ್ನ ಕೇಳ್ರಿ."

ಈ ಸಲ ಮಾಸ್ತರರು ಕೇಳಿದರು.